ಮೈಕಿಗೆ ತನ್ನದೇ ದನಿ ಕೇಳಬಾರದು

ನಮ್ಮ ಕಡೆಯ ಯಾವುದೇ ಸಮಾರಂಭಕ್ಕೂ ದೀಪ ಬೆಳಗುವ ಮೊದಲೇ ಒಂದು ಉದ್ಘಾಟನೆ ಆಗಿಹೋಗಿರುತ್ತದೆ. ‘ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ’ ಎಂಬ ಮಂತ್ರ. ಅದರ ಬೆನ್ನಿಗೇ ಕಿವಿಯನ್ನು ಇರಿಯುವ ಒಂದು ‘ಕುಂಯ್’. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ, ಮಕ್ಕಳು ನಗುತ್ತಾರೆ, ಮೈಕಿನವನು ಯಾವುದೋ ಗುಂಡಿಯನ್ನು ತಿರುವುತ್ತಾನೆ, ಸಭೆ ಮುಂದುವರಿಯುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಈ ‘ಕುಂಯ್’ ಕುರಿತು ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಊರಿನ ಗಣೇಶೋತ್ಸವ ಸಮಿತಿ, ಯುವಕ ಮಂಡಲ, ಶಾಲೆಯ ಸಮಿತಿಗಳಲ್ಲಿದ್ದಾರೆ. ಮೈಕನ್ನು ಎಲ್ಲಿ ಇಡಬೇಕೆಂದು ಹೇಳುವ ಅಧಿಕಾರ ಈಗ ಅವರದು. ಆದ್ದರಿಂದ ಇದನ್ನು ಸ್ವಲ್ಪ ತಡವಾಗಿ ಬಂದ ಪಾಠವೆಂದೇ ತಿಳಿದು ಓದಬೇಕೆಂದು ವಿನಂತಿ.

ಬಿ.ಎಡ್. ತರಬೇತಿಯಲ್ಲಿ ನಮಗೆ ಧ್ವನಿಯ ಏರಿಳಿತಕ್ಕೆ ಅಂಕಗಳಿದ್ದವು. ಕೊನೆಯ ಬೆಂಚಿನ ವಿದ್ಯಾರ್ಥಿಗೂ ಕೇಳುವಂತೆ ಮಾತನಾಡಬೇಕೆಂಬುದು ಮೊದಲ ನಿಯಮ. ಮೈಕಿನ ಬಗ್ಗೆ ಒಂದು ಮಾತನ್ನೂ ಯಾರೂ ಹೇಳಿರಲಿಲ್ಲ. ಆ ವಿದ್ಯೆಯನ್ನು ನಾನು ಕಲಿತದ್ದು ಬೈತಖೋಲದಲ್ಲಿ, ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಒಬ್ಬ ಮೈಕಿನವನಿಂದ.

ಬೈತಖೋಲವನ್ನು ಕಾಣದವರಿಗಾಗಿ ಎರಡು ಮಾತು. ಕಾರವಾರ ಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಗುಡ್ಡವೊಂದು ಕಡಲಿಗೆ ಇಳಿಯುವ ಜಾಗ ಸಿಗುತ್ತದೆ. ಆ ಗುಡ್ಡದ ಮಡಿಲಿನಲ್ಲಿ ಕಾರವಾರದ ವಾಣಿಜ್ಯ ಬಂದರು. ಪಕ್ಕದಲ್ಲೇ ಟ್ರಾಲರ್ ದೋಣಿಗಳು ತಂಗುವ ಮೀನುಗಾರಿಕಾ ಬಂದರು. ಊರಿನ ಹೆಸರಿಗೆ ಅರಬ್ಬಿ ಮೂಲವನ್ನು ಹೇಳಿ ‘ಸುರಕ್ಷಿತ ಕೊಲ್ಲಿ’ ಎಂದು ಅರ್ಥ ಮಾಡುವವರಿದ್ದಾರೆ. ದೋಣಿಗಳಿಗೆ ಅದು ಸುರಕ್ಷಿತವೇ ಸರಿ. ಆದರೆ ಧ್ವನಿವರ್ಧಕ ಕಟ್ಟುವವನಿಗೆ ಇದು ಬಲು ಕಠಿಣವಾದ ಊರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ನೀರು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ ಎಂದು ನಾವು ಒಂಬತ್ತನೆಯ ತರಗತಿಯಲ್ಲಿ ಓದಿದ್ದೇವಷ್ಟೆ. ಗುಡ್ಡದ ಬಂಡೆ 170 ಮೀಟರ್ ದೂರದಲ್ಲಿದ್ದರೆ ಆಡಿದ ಮಾತು ಸರಿಯಾಗಿ ಒಂದು ಸೆಕೆಂಡಿನ ನಂತರ ಹಿಂದಿರುಗಿ ಬರುತ್ತದೆ. ಭಾಷಣಕಾರರು ‘ಮಹನೀಯರೇ’ ಎಂದು ಮುಗಿಸಿ ‘ಮಹಿಳೆಯರೇ’ ಎನ್ನುವಷ್ಟರಲ್ಲಿ ಗುಡ್ಡವೂ ‘ಮಹನೀಯರೇ’ ಎನ್ನುತ್ತದೆ! ರಾತ್ರಿಯಾದರೆ ನೀರಿನ ಮೇಲಿನ ಗಾಳಿಯ ಕೆಳಪದರ ತಂಪಾಗಿ, ಮೇಲಕ್ಕೆ ಚದುರಿಹೋಗಬೇಕಾದ ಶಬ್ದವು ಬಾಗಿ ಕೆಳಗಿಳಿಯುತ್ತದೆ. ಕೊಲ್ಲಿಯ ಆಚೆಯ ದಡದಲ್ಲಿ ಮಲಗಿದವರಿಗೂ ಭಜನೆ ಸ್ಪಷ್ಟವಾಗಿ ಕೇಳಿಸುತ್ತದೆ. ಇದರ ಮೇಲೆ ಉಪ್ಪುಗಾಳಿ ಬೇರೆ. ವರ್ಷವೊಂದರಲ್ಲಿ ತಂತಿಯ ತುದಿಗಳೆಲ್ಲ ಹಸಿರುಗಟ್ಟಿ ಕರಕರ ಸದ್ದು ಹೊರಡುತ್ತದೆ.

ಇಷ್ಟೆಲ್ಲ ಇದ್ದರೂ ಬಂದರಿನ ಹೆಂಗಸರಿಗೆ ಮೈಕಿನ ಹಂಗಿಲ್ಲ. ದೋಣಿ ದಡಕ್ಕೆ ತಗುಲಿದ ಕ್ಷಣದಿಂದ ಮೀನಿನ ಬುಟ್ಟಿಗಳ ನಡುವೆ ನಿಂತು ಅವರು ಕೂಗುವ ಬೆಲೆ, ಎಂಜಿನ್ನುಗಳ ಗದ್ದಲವನ್ನು ಸೀಳಿಕೊಂಡು ರಸ್ತೆಯವರೆಗೆ ಬರುತ್ತದೆ. ಅಂಥ ಒಬ್ಬ ತಾಯಿಯ ಮಗಳು ನನ್ನ ಎಂಟನೆಯ ತರಗತಿಯಲ್ಲಿದ್ದಳು. ತಾಯಿಯ ದನಿಯಲ್ಲಿ ಕಾಲುಭಾಗವೂ ಅವಳಿಗೆ ಬಂದಿರಲಿಲ್ಲ. ಹಾಜರಿ ಹೇಳಿದರೆ ಮೂರನೆಯ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಮನೆಮಾತು ಕೊಂಕಣಿ, ಕನ್ನಡವನ್ನು ಶಾಲೆಯಲ್ಲೇ ಕಲಿತವಳು. ಆದರೆ ಹಾಡಲು ಕುಳಿತರೆ ಶ್ರುತಿ ಒಂದೆಳೆಯೂ ಜಾರುತ್ತಿರಲಿಲ್ಲ.

ತೊಂಬತ್ತರ ದಶಕದ ಮಧ್ಯಭಾಗದ ಮಾತು. ನಮ್ಮ ಭಾಗದಲ್ಲಿ ಒಂದು ಸಾರ್ವಜನಿಕ ಸಮಾರಂಭ ನಡೆಯಿತು. ಪ್ರಾರ್ಥನೆಗೆ ಈ ಹುಡುಗಿಯನ್ನು ಕರೆದಿದ್ದರು. ವ್ಯವಸ್ಥೆ ಪರವೂರಿನವರದು. ಮೈಕಿನ ಸ್ಟ್ಯಾಂಡನ್ನು ಅತಿಥಿಗಳ ಎತ್ತರಕ್ಕೆ ಬಿಗಿದಿದ್ದರು. ತಗಡಿನ ಎರಡು ಹಾರನ್‌ಗಳನ್ನು ವೇದಿಕೆಯ ಹಿಂದಿನ ಕಂಬಗಳಿಗೆ ಸಭಿಕರತ್ತ ಮುಖ ಮಾಡಿ ಕಟ್ಟಿದ್ದರು. ಎಂದರೆ ಹಾರನ್‌ನಿಂದ ಹೊರಟ ಶಬ್ದ ಮೊದಲು ತಲುಪುತ್ತಿದ್ದುದು ಮೈಕನ್ನೇ. ಹುಡುಗಿ ಹಾಡತೊಡಗಿದಳು, ಯಾರಿಗೂ ಕೇಳಿಸಲಿಲ್ಲ. ‘ಜೋರಾಗಿ, ಜೋರಾಗಿ’ ಎಂದು ಸಭೆಯಿಂದ ಕೂಗು ಬಂತು. ಮೈಕಿನವನು ಗುಂಡಿಯನ್ನು ಏರಿಸಿದ. ‘ಕುಂಯ್!’ ಹುಡುಗಿ ಬೆದರಿ ಹಿಂದೆ ಸರಿದಳು. ಹಿಂದೆ ಸರಿದುದರಿಂದ ದನಿ ಮತ್ತೂ ಕ್ಷೀಣವಾಯಿತು. ಆತ ಗುಂಡಿಯನ್ನು ಮತ್ತೂ ಏರಿಸಿದ. ಈ ಬಾರಿಯ ಕೂಗಿಗೆ ಸಭೆಯೇ ಗೊಳ್ಳೆಂದು ನಕ್ಕಿತು. ಎರಡನೆಯ ಚರಣಕ್ಕೆ ಅವಳು ಹೋಗಲೇ ಇಲ್ಲ. ಸೆರಗಿನಿಂದ ಕಣ್ಣೊರೆಸುತ್ತ ಅವಳ ತಾಯಿ ಎದ್ದು ಹೋದದ್ದನ್ನು ಸಭಿಕರ ಸಾಲಿನಲ್ಲಿದ್ದ ನಾನು ಕಂಡೆ. ಇಡೀ ಬಂದರಿಗೆ ಕೇಳುವ ದನಿಯಿದ್ದ ಆ ತಾಯಿ ಅಂದು ಒಂದು ಮಾತೂ ಆಡಲಿಲ್ಲ.

ಆ ಮಗು ಮುಂದೆ ಒಂದೂವರೆ ವರ್ಷ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಕಾರಣ ಕೇಳಿದರೆ ‘ನನ್ನ ದನಿ ಸರಿಯಿಲ್ಲ ಸರ್’ ಎನ್ನುತ್ತಿದ್ದಳು. ಸರಿಯಿಲ್ಲದ್ದು ಅವಳ ದನಿಯಾಗಿರಲಿಲ್ಲ, ಎರಡು ಅಡಿ ದೂರದಲ್ಲಿದ್ದ ಒಂದು ಸ್ಟ್ಯಾಂಡು ಎಂಬುದನ್ನು ಅವಳಿಗೆ ತೋರಿಸಿಕೊಡಬೇಕಾಗಿತ್ತು. ಹಾಗಾಗಿ ನಾನು ಬೈತಖೋಲದ ಮೈಕಿನವನ ಬಳಿ ಹೋದೆ.

ಮದುವೆ, ಭಜನೆ, ನಾಟಕ ಎಲ್ಲಕ್ಕೂ ಆತನೇ. ಅವನಲ್ಲಿದ್ದುದು ಒಂದು ಹಳೆಯ ಆಂಪ್ಲಿಫೈಯರ್, ನಾಲ್ಕು ಹಾರನ್, ಮೂರು ಮೈಕು. ಮೈಕು ಯಾಕೆ ಕೂಗುತ್ತದೆ ಎಂದು ಕೇಳಿದಾಗ ಆತ ತಂತಿ ಸುತ್ತುತ್ತಲೇ ಹೇಳಿದ: ‘ಅದಕ್ಕೆ ತನ್ನದೇ ದನಿ ಕೇಳ್ತದಲ್ಲ ಮಾಸ್ತರ್ರೆ, ಅದಕ್ಕೇ ಕೂಗ್ತದೆ. ಮೈಕಿಗೆ ಮನುಷ್ಯರ ದನಿ ಕೇಳ್ಬೇಕು, ಹಾರನ್ನಿನ ದನಿ ಕೇಳ್ಬಾರ್ದು. ಅಷ್ಟೇ ಕೆಲಸ.’

ವಿಜ್ಞಾನದ ಪುಸ್ತಕಗಳು ಇದನ್ನೇ ದೊಡ್ಡ ಹೆಸರಿನಿಂದ ಹೇಳುತ್ತವೆ. ಈ ಕೂಗಿನ ಕಾರಣವನ್ನು ವಿವರಿಸಿದ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಅವರ ನೆನಪಿಗಾಗಿ ಇದಕ್ಕೆ ‘ಲಾರ್ಸೆನ್ ಪರಿಣಾಮ’ ಎಂಬ ಹೆಸರೂ ಇದೆ. ಅದನ್ನು ತರಗತಿಯಲ್ಲಿ ನಾನು ಚಕ್ರಬಡ್ಡಿಯ ಲೆಕ್ಕವಾಗಿ ವಿವರಿಸುತ್ತಿದ್ದೆ. ಮೈಕಿಗೆ ಬಿದ್ದ ಶಬ್ದ ಆಂಪ್ಲಿಫೈಯರಿನಲ್ಲಿ ಹಿಗ್ಗಿ ಹಾರನ್‌ನಿಂದ ಹೊರಬಂದು ಅದರಲ್ಲೊಂದು ಪಾಲು ಮತ್ತೆ ಮೈಕಿಗೇ ಮರಳುತ್ತದೆ. ಒಂದು ರೂಪಾಯಿ ಹೋಗಿ 90 ಪೈಸೆ ಮರಳಿದರೆ ಸುತ್ತು ಸುತ್ತಿಗೂ ಕರಗುತ್ತ ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಆದರೆ ಹೋದ ರೂಪಾಯಿಗೆ ಒಂದು ರೂಪಾಯಿ ಹತ್ತು ಪೈಸೆ ಮರಳಿತೆನ್ನಿ. ಹಾರನ್ ಮೈಕಿನಿಂದ 5 ಮೀಟರ್ ದೂರದಲ್ಲಿದ್ದರೆ ಶಬ್ದ ಸೆಕೆಂಡಿಗೆ 68 ಸುತ್ತು ಹಾಕುತ್ತದೆ. ಪ್ರತಿ ಸುತ್ತಿಗೂ ನೂರಕ್ಕೆ ಹತ್ತರ ಬಡ್ಡಿ ಸೇರಿದರೆ ಒಂದೇ ಸೆಕೆಂಡಿನಲ್ಲಿ ಅಸಲು ಸುಮಾರು 650 ಪಟ್ಟಾಗುತ್ತದೆ! ಆಂಪ್ಲಿಫೈಯರಿನ ಶಕ್ತಿಯ ಮಿತಿ ಮುಟ್ಟಿದಾಗ ಮಾತ್ರ ಅದು ನಿಲ್ಲುತ್ತದೆ. ಎಲ್ಲ ಸ್ವರಗಳೂ ಹೀಗೆ ಬೆಳೆಯುವುದಿಲ್ಲ. ಮೈಕು, ಹಾರನ್ ಮತ್ತು ಆ ಜಾಗ ಮೂರೂ ಸೇರಿ ಯಾವ ಸ್ವರಕ್ಕೆ ಹೆಚ್ಚು ಅನುಕೂಲವೋ ಅದೊಂದೇ ಗೆಲ್ಲುತ್ತದೆ. ನಾವು ಕೇಳುವ ‘ಕುಂಯ್’ ಒಂದೇ ಸ್ವರದಲ್ಲಿರುವುದು ಆ ಕಾರಣಕ್ಕೆ.

ಈ ಲೆಕ್ಕ ತಿಳಿದ ಮೇಲೆ ಪರಿಹಾರವೂ ತಾನಾಗಿ ತಿಳಿಯುತ್ತದೆ. ಮರಳಿ ಬರುವ ಪಾಲನ್ನು ಕಡಿಮೆ ಮಾಡಬೇಕು. ನಮ್ಮ ಮೈಕಿನವ ಮಾಡುತ್ತಿದ್ದ ಮೊದಲ ಕೆಲಸ ಹಾರನ್‌ಗಳನ್ನು ವೇದಿಕೆಯ ಮುಂದಿನ ಅಂಚಿಗಿಂತ ನಾಲ್ಕು ಹೆಜ್ಜೆ ಮುಂದಕ್ಕೆ, ಎರಡು ಬದಿಗೆ, ಎತ್ತರದಲ್ಲಿ ಕಟ್ಟಿ ಅವುಗಳ ಬಾಯನ್ನು ಜನರತ್ತ ತುಸು ಬಗ್ಗಿಸುವುದು. ಗುಡ್ಡದತ್ತ ಬಾಯಿ ತಿರುಗಿಸಲು ಆತ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ‘ಗುಡ್ಡ ಯಾರ ಭಾಷಣಕ್ಕೂ ಚಪ್ಪಾಳೆ ತಟ್ಟೂದಿಲ್ಲ ಮಾಸ್ತರ್ರೆ, ಬರೀ ಅಣಕಿಸ್ತದೆ’ ಎನ್ನುತ್ತಿದ್ದ.

ಎರಡನೆಯದು ಬಾಯಿಗೂ ಮೈಕಿಗೂ ಇರುವ ಅಂತರ. ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆ ಹುಡುಗಿಯ ಬಾಯಿ ಮೈಕಿನಿಂದ ಎರಡು ಅಡಿ ದೂರದಲ್ಲಿತ್ತು ಎಂದುಕೊಳ್ಳೋಣ. ಅದನ್ನು ನಾಲ್ಕು ಅಂಗುಲಕ್ಕೆ ತಂದರೆ ದೂರ ಆರರಲ್ಲಿ ಒಂದು ಪಾಲಾಗುತ್ತದೆ, ಮೈಕಿಗೆ ತಲುಪುವ ದನಿ 36 ಪಟ್ಟು ಹೆಚ್ಚುತ್ತದೆ. ಅಷ್ಟರ ಮಟ್ಟಿಗೆ ಗುಂಡಿಯನ್ನು ಇಳಿಸಬಹುದು; ಹಾರನ್‌ನಿಂದ ಮರಳುವ ಬಡ್ಡಿಯೂ ಅಷ್ಟೇ ಇಳಿಯುತ್ತದೆ. ಸಣ್ಣ ದನಿಯ ಮಗುವಿಗೆ ‘ಜೋರಾಗಿ ಹೇಳು’ ಎಂದು ಗದರುವುದಕ್ಕಿಂತ ಸ್ಟ್ಯಾಂಡಿನ ತಿರುಪನ್ನು ಸಡಿಲಿಸಿ ಒಂದು ಗೇಣು ಇಳಿಸುವುದು ಸುಲಭ. ತೀರ ತುಟಿಗೆ ತಾಗಿಸುವುದೂ ಬೇಡ. ನಾವು ಸಾಮಾನ್ಯವಾಗಿ ಬಳಸುವ ಮೈಕುಗಳು ಬಾಯಿಗೆ ಅಂಟಿಕೊಂಡರೆ ತಗ್ಗಿನ ಸ್ವರಗಳನ್ನು ಹಿಗ್ಗಿಸಿ ಗವಿಯೊಳಗಿನಿಂದ ಮಾತನಾಡಿದಂತೆ ಕೇಳಿಸುತ್ತವೆ. ಕನ್ನಡದ ಮಹಾಪ್ರಾಣಗಳೂ ಉಸಿರಿನ ಹೊಡೆತದಿಂದ ಢಬ್ ಎನ್ನುತ್ತವೆ. ‘ಭವ್ಯ ಭಾರತ’ ಎನ್ನುವಾಗ ಎಷ್ಟು ಸಲ ಈ ಗುದ್ದನ್ನು ಕೇಳಿಲ್ಲ! ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ಗಲ್ಲದ ಕಡೆಯಿಂದ ತುಸು ಓರೆಯಾಗಿ ಇಟ್ಟರೆ ಉಸಿರು ಪಕ್ಕಕ್ಕೆ ಹೋಗುತ್ತದೆ, ದನಿ ಮಾತ್ರ ಒಳಗೆ ಬರುತ್ತದೆ.

ಮೂರನೆಯದು ದಿಕ್ಕು. ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವ ಬಹುತೇಕ ಮೈಕುಗಳು ಎಲ್ಲ ಕಡೆಗೂ ಸಮನಾಗಿ ಕಿವಿಗೊಡುವುದಿಲ್ಲ. ಅವು ಕೇಳುವ ವ್ಯಾಪ್ತಿಯನ್ನು ಕಾಗದದ ಮೇಲೆ ಬರೆದರೆ ಹೃದಯದ ಆಕಾರ ಬರುತ್ತದೆ: ಮುಂದೆ ಪೂರ್ಣ, ಪಕ್ಕಗಳಲ್ಲಿ ಅರ್ಧ, ನೇರ ಹಿಂದೆ ಬಹುತೇಕ ಕಿವುಡು. 1966ರಲ್ಲಿ ಬಂದು ಇಂದಿಗೂ ಜಗತ್ತಿನ ಎಲ್ಲೆಡೆ ಹಾಡುಗಾರರ ಕೈಯಲ್ಲಿರುವ ಶೂರ್ ಕಂಪನಿಯ ಎಸ್‌ಎಂ 58 ಇದೇ ಬಗೆಯದು. ಹಾಡುವವರಿಗೆ ತಮ್ಮ ದನಿ ಕೇಳಲೆಂದು ವೇದಿಕೆಯ ಮೇಲೆ ಇಡುವ ಮಾನಿಟರ್ ಪೆಟ್ಟಿಗೆಯನ್ನು ಈ ಕಿವುಡು ಬೆನ್ನಿನ ಕಡೆಗೇ ಇಡಬೇಕು. ಇನ್ನೂ ಕಿರಿದಾದ ವ್ಯಾಪ್ತಿಯ ಮೈಕುಗಳೂ ಇವೆ. ಅವುಗಳ ಕಿವುಡು ಜಾಗ ನೇರ ಹಿಂದಿರದೆ ಹಿಂಬದಿಯ ಎರಡು ಓರೆಗಳಲ್ಲಿರುತ್ತದೆ, ಆದ್ದರಿಂದ ಪೆಟ್ಟಿಗೆಯನ್ನು ಅತ್ತ ಸರಿಸಬೇಕು. ಇಲ್ಲಿ ಹೊಸ ಹುಡುಗರಿಗೆ ಒಂದು ಕಿವಿಮಾತು. ಟಿ.ವಿ.ಯಲ್ಲಿ ನೋಡಿ ಮೈಕಿನ ಜಾಳಿಗೆಯ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದು ಹಾಡುವ ಚಟ ಹಬ್ಬಿದೆ. ಹಿಂದಿನ ಶಬ್ದವನ್ನು ತಳ್ಳಿಹಾಕಲು ಇರುವ ರಂಧ್ರಗಳು ಆ ತಲೆಯ ಹಿಂಭಾಗದಲ್ಲೇ ಇರುತ್ತವೆ. ಅವನ್ನು ಮುಚ್ಚಿದರೆ ಮೈಕು ಎಲ್ಲ ದಿಕ್ಕಿಗೂ ಕಿವಿ ತೆರೆಯುತ್ತದೆ, ಕೂಗು ಏಳುತ್ತದೆ. ಕೂಗು ಎದ್ದಾಗ ಮೈಕನ್ನು ಅಂಗೈಯಿಂದ ಮುಚ್ಚುವುದರಿಂದಲೂ ಇದೇ ಫಲ.

ನಾಲ್ಕನೆಯದು ಸಂಖ್ಯೆ. ವೇದಿಕೆಯಲ್ಲಿ ಎಂಟು ಗಣ್ಯರಿದ್ದರೆ ಎಂಟು ಮೈಕು ಇಡುವುದು ಈಗ ಗೌರವದ ಪ್ರಶ್ನೆಯಾಗಿದೆ. ತೆರೆದ ಮೈಕುಗಳ ಸಂಖ್ಯೆ ಪ್ರತಿ ಸಲ ಇಮ್ಮಡಿಯಾದಾಗಲೂ ಕೂಗಿಲ್ಲದೆ ಏರಿಸಬಹುದಾದ ಮಟ್ಟ ಸುಮಾರು 3 ಡೆಸಿಬಲ್ ಇಳಿಯುತ್ತದೆ. ಒಂದರ ಬದಲು ಎಂಟು ತೆರೆದಿದ್ದರೆ 9 ಡೆಸಿಬಲ್ ನಷ್ಟ. ಮಾತನಾಡುವವರ ಮೈಕನ್ನು ಮಾತ್ರ ತೆರೆದಿಟ್ಟರೆ ಗೌರವಕ್ಕೂ ಕುಂದಿಲ್ಲ, ಕಿವಿಗೂ ಕುಂದಿಲ್ಲ.

ಧ್ವನಿವರ್ಧಕದ ಇತಿಹಾಸದಲ್ಲಿಯೂ ಮೊದಲ ದಿನದಿಂದಲೇ ಸ್ಥಳದ ಪ್ರಶ್ನೆ ಇತ್ತು. ಅಮೆರಿಕದ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ತಮ್ಮ ಧ್ವನಿವರ್ಧಕವನ್ನು 1915ರ ಕ್ರಿಸ್‌ಮಸ್ ಮುನ್ನಾದಿನ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ದೊಡ್ಡ ಜನಸಮೂಹದ ಮುಂದೆ ಪ್ರದರ್ಶಿಸಿದರು. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೋ ಕ್ರೀಡಾಂಗಣದಲ್ಲಿ ಅವರ ಯಂತ್ರದ ಮೂಲಕ ಮಾತನಾಡಿದಾಗ ಗಾಜಿನ ಗೂಡಿನೊಳಗೆ ನಿಂತಿದ್ದರು. ಹೊರಗಿನ ಶಬ್ದ ಒಳಗಿನ ಮೈಕಿಗೆ ಬೀಳದಿರಲು ಗಾಜಿನ ಗೋಡೆಗಿಂತ ಒಳ್ಳೆಯ ಉಪಾಯ ಬೇರೆ ಯಾವುದು? ಬೈತಖೋಲದ ನಮ್ಮ ಮೈಕಿನವ ಆ ಸುದ್ದಿಯನ್ನು ಕೇಳಿ ಬಹಳ ಸಂತೋಷಪಟ್ಟ.

ನಮ್ಮ ಜಿಲ್ಲೆಯವರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು, ಏಕೆಂದರೆ ನಮಗೆ ಯಕ್ಷಗಾನವಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕಾಲಕ್ಕೆ ಬಯಲಿನ ಕೊನೆಯವರೆಗೆ ಮಾತು ಮುಟ್ಟಿಸುವುದು ಕಲಾವಿದನ ಎದೆಗಾರಿಕೆಗೆ ಬಿಟ್ಟ ಕೆಲಸವಾಗಿತ್ತು. ಚಂಡೆಯ ಅಬ್ಬರದ ಮೇಲೆ ಪದ ಕೇಳಿಸಬೇಕಾದುದರಿಂದ ಭಾಗವತರು ಏರುಶ್ರುತಿಯಲ್ಲೇ ಹಾಡಬೇಕಿತ್ತು. ಮೈಕು ಬಂದ ಮೇಲೆ ಶ್ರುತಿ ಇಳಿಯಿತು. ಮೆಲುದನಿಗೂ ಕುಸುರಿಗೂ ರಂಗದಲ್ಲಿ ಜಾಗ ಸಿಕ್ಕಿತು. ಬರಿಯ ಮೂವತ್ತೆರಡು ವರ್ಷ ಬಾಳಿದ ಕಾಳಿಂಗ ನಾವಡರ (1958–1990) ಕಂಠ ಧ್ವನಿವರ್ಧಕದಿಂದಲೂ ಕ್ಯಾಸೆಟ್ಟಿನಿಂದಲೂ ಮನೆಮನೆಗೆ ತಲುಪಿದ್ದು ನಮ್ಮ ಕಣ್ಣೆದುರೇ. ಹಾಗೆಯೇ ನಷ್ಟವೂ ಉಂಟು. ಕುಣಿಯುತ್ತಿದ್ದ ಪಾತ್ರಧಾರಿ ಮಾತು ಬಂದಾಗ ಮೈಕಿನ ಬುಡಕ್ಕೆ ಬಂದು ನಿಲ್ಲಬೇಕಾಯಿತು; ರಂಗದ ಅಗಲವೆಲ್ಲ ಒಂದೆರಡು ಮೈಕುಗಳ ಕೆಳಗಿನ ಜಾಗಕ್ಕೆ ಕುಗ್ಗಿತು.

ಯಕ್ಷಗಾನಕ್ಕೆ ಮೈಕು ಇಡುವುದು ನಿಜವಾಗಿ ಒಂದು ಪರೀಕ್ಷೆ. ಭಾಗವತರ ಪಕ್ಕದಲ್ಲೇ ಮದ್ದಳೆ, ಚಂಡೆ. ಮೈಕು ಬಾಯಿಗೆ ದೂರವಾದರೆ ಅದಕ್ಕೆ ಪದಕ್ಕಿಂತ ಚಂಡೆಯೇ ಹೆಚ್ಚು ಕೇಳುತ್ತದೆ. ಬಾಯಿಂದ ಮೈಕಿಗೆ ಎಷ್ಟು ದೂರವೋ ಅದರ ಕನಿಷ್ಠ ಮೂರು ಪಟ್ಟು ದೂರದಲ್ಲಿ ಮುಂದಿನ ಮೈಕು ಇರಬೇಕೆಂಬುದು ಬಲ್ಲವರ ನಿಯಮ. ಒಮ್ಮೆ ನಮ್ಮ ಮೈಕಿನವ ಚಂಡೆಯ ಮುಂದಿದ್ದ ಮೈಕನ್ನೇ ಕಿತ್ತು ತೆಗೆದ. ಚಂಡೆಯವರು ಮುನಿಸಿಕೊಂಡಾಗ ಆತ ಕೈಮುಗಿದು, ‘ಅಣ್ಣಾ, ನಿಮ್ಮ ಕೈಗೆ ಕರೆಂಟು ಯಾಕೆ? ಬಂದರಿನವರೆಗೆ ಹಾಗೇ ಕೇಳ್ತದೆ’ ಎಂದ. ಅವರು ನಕ್ಕರು. ಅಂದಿನ ಪದಗಳು ಒಂದಕ್ಷರವೂ ಮಾಸದೆ ಕೇಳಿಸಿದವು.

ಶಬ್ದ ದೊಡ್ಡದಾದ ಮಾತ್ರಕ್ಕೆ ಮಾತು ತಿಳಿಯುವುದಿಲ್ಲ ಎಂಬುದನ್ನು ಕಾನೂನು ಕೂಡ ಈಗ ಬೇರೆ ರೀತಿಯಲ್ಲಿ ನೆನಪಿಸುತ್ತಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ ಹದಿನೈದು ದಿನ ಮೀರದಂತೆ ಸರ್ಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45. ಬೆಳಗಿನ ಜಾವಕ್ಕೆ ದೋಣಿ ಹತ್ತಬೇಕಾದವನಿಗೆ ರಾತ್ರಿಯ ನಿದ್ದೆಯ ಬೆಲೆ ಏನೆಂಬುದು ಬೈತಖೋಲದವರಿಗೆ ಕಾನೂನಿನಿಂದ ತಿಳಿಯಬೇಕಾಗಿಲ್ಲ. ನಾಲ್ಕು ಹಾರನ್‌ಗಳನ್ನು ಆಕಾಶದತ್ತ ಬಿಡುವ ಬದಲು ಎರಡನ್ನು ಜನರತ್ತ ಬಗ್ಗಿಸಿದರೆ ಕೇಳಬೇಕಾದವರಿಗೆ ಕೇಳುತ್ತದೆ, ಮಲಗಬೇಕಾದವರು ಮಲಗುತ್ತಾರೆ.

ಇಂದಿನ ಯಂತ್ರಗಳು ಬಹಳ ಮುಂದುವರಿದಿವೆ. ಕೂಗುವ ಸ್ವರವನ್ನು ತಾನೇ ಹುಡುಕಿ ಅದೊಂದನ್ನೇ ತಗ್ಗಿಸುವ ಉಪಕರಣಗಳಿವೆ. ಮೂವತ್ತೊಂದು ಪಟ್ಟಿಗಳ ಈಕ್ವಲೈಸರ್‌ಗಳಿವೆ. ಕಾರ್ಯಕ್ರಮಕ್ಕೆ ಮೊದಲೇ ಗುಂಡಿಯನ್ನು ಮೆಲ್ಲನೆ ಏರಿಸಿ, ಮೊದಲು ಕೂಗುವ ಸ್ವರವನ್ನು ಗುರುತಿಸಿ, ಆ ಪಟ್ಟಿಯನ್ನಷ್ಟೇ ತುಸು ಇಳಿಸುವುದು ಒಳ್ಳೆಯ ಅಭ್ಯಾಸ. ಆದರೆ ಹೀಗೆ ಕತ್ತರಿಸುವ ಪ್ರತಿ ಸ್ವರದೊಂದಿಗೂ ಹಾಡುವವರ ದನಿಯ ಒಂದು ಚೂರು ಹೋಗುತ್ತದೆ. ಆದ್ದರಿಂದ ಮೊದಲು ಸ್ಥಳ, ಆಮೇಲೆ ಸಂಖ್ಯೆ, ಕೊನೆಗೆ ಗುಂಡಿ. ಈ ಕ್ರಮವನ್ನು ತಪ್ಪಿಸಬಾರದು.

ಆ ಹುಡುಗಿಯ ಸುದ್ದಿ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಅವಳು ಹತ್ತನೆಯ ತರಗತಿಗೆ ಬಂದ ವರ್ಷ, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮೈಕಿನವ ತನ್ನ ಸಾಮಾನು ಹೊತ್ತು ನಮ್ಮ ಅಂಗಳಕ್ಕೆ ಬಂದ. ಸಭಿಕರಿಲ್ಲ, ಅತಿಥಿಗಳಿಲ್ಲ. ಸ್ಟ್ಯಾಂಡನ್ನು ಅವಳ ಗಲ್ಲದ ಮಟ್ಟಕ್ಕೆ ಇಳಿಸಿ, ಹಾರನ್‌ಗಳನ್ನು ಮುಂದೆ ಕಟ್ಟಿ, ‘ನಿನ್ನ ಅಮ್ಮನ ಹತ್ತಿರ ಮಾತಾಡಿದ ಹಾಗೆ ಮಾತಾಡು ಬಾಯಿ’ ಎಂದ. ಅವಳು ಮಗ್ಗಿ ಹೇಳಿದಳು. ಅಂಗಳದ ಕೊನೆಯ ಮಾವಿನ ಮರದ ಕೆಳಗೆ ನಿಂತಿದ್ದ ನನಗೆ ಹದಿಮೂರರ ಮಗ್ಗಿ ಪೂರ್ತಿ ಕೇಳಿಸಿತು. ಹಾಗೆಂದು ಅವಳು ಮರುದಿನವೇ ದೊಡ್ಡ ಗಾಯಕಿಯಾಗಲಿಲ್ಲ. ಆ ವರ್ಷದ ವಾರ್ಷಿಕೋತ್ಸವದಲ್ಲಿ ಹಾಡಲು ಒಪ್ಪಲಿಲ್ಲ, ವಂದನಾರ್ಪಣೆ ಮಾಡುತ್ತೇನೆಂದಳು. ಎರಡು ನಿಮಿಷ, ಎಂದಿನ ಮೆಲುದನಿಯಲ್ಲೇ, ತಡವರಿಸದೆ ಮಾಡಿದಳು. ಕೊನೆಯ ಹೆಸರು ಮೈಕಿನವನದು. ನಮ್ಮ ಶಾಲೆಯ ವಂದನಾರ್ಪಣೆಯಲ್ಲಿ ಮೈಕಿನವನನ್ನು ನೆನೆದದ್ದು ಅದೇ ಮೊದಲು.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಜನವರಿ 26ಕ್ಕೋ ನವೆಂಬರ್ 1ಕ್ಕೋ ನಿಮ್ಮ ಊರಿನಲ್ಲಿ ಧ್ವಜ ಏರುತ್ತದೆ. ಅತಿಥಿಗಳ ಭಾಷಣ ಮುಗಿದ ಮೇಲೆ ಮೂರಡಿ ಎತ್ತರದ ಒಂದು ಮಗು, ಕೈಯಲ್ಲಿ ಬೆವರಿದ ಚೀಟಿ ಹಿಡಿದು ಮೈಕಿನ ಮುಂದೆ ಬಂದು ನಿಲ್ಲುತ್ತದೆ. ಆಗ ನೀವು ಕುರ್ಚಿಯಿಂದ ಎದ್ದು ಹೋಗಿ ಆ ಸ್ಟ್ಯಾಂಡನ್ನು ಇಳಿಸಿ. ಅರ್ಧ ನಿಮಿಷ ತಡವಾದರೂ ಅತಿಥಿಗಳು ಬೇಸರಪಡುವುದಿಲ್ಲ. ಬೇಸರಪಟ್ಟರೆ, ನಮ್ಮ ಮಾಸ್ತರರು ಹೀಗೆ ಹೇಳಿದ್ದಾರೆ ಎಂದು ನನ್ನ ಹೆಸರು ಹೇಳಿಬಿಡಿ.